ದೀರ್ಘ ಸಾಲದೆ ಸತ್ತ ದಳಪತಿ

ಮುಂಬೈಯ ಭಾಂಡುಪಿನ ಅಣವೀರಪ್ಪ ಜನ್ಮದಲ್ಲಿ ಒಂದು ಇರುವೆಯನ್ನೂ ಬೇಕೆಂದು ತುಳಿದವನಲ್ಲ. ಲೋಕಲ್ ಗಾಡಿಯಲ್ಲಿ ಯಾರಾದರೂ ತನ್ನ ಕಾಲು ತುಳಿದರೆ ತಾನೇ ‘ಸಾರಿ’ ಎನ್ನುವ ಪೈಕಿ. ಅಂಥವನು ಸಾವಿರದ ಒಂಬೈನೂರ ಎಪ್ಪತ್ತಮೂರನೆಯ ಇಸವಿಯ ಜುಲೈ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಇನ್ನು ಹತ್ತು ನಿಮಿಷ ಇರುವಾಗ, ಶನಿಗ್ರಹದ ಅರ್ಧ ಸೈನ್ಯದ ಒಡೆಯನಾದ ದಳಪತಿ ರಣಭಾನುವನ್ನು ಕೊಂದುಬಿಟ್ಟ. ಕೊಂದವನು ಕೈ ತೊಳೆದುಕೊಂಡು, ಡಬ್ಬಿ ಬಿಚ್ಚಿ, ಎರಡು ರೊಟ್ಟಿ ತಿಂದ. ಪಶ್ಚಾತ್ತಾಪ ಎಂಬುದು ಅವನ ಹತ್ತಿರಕ್ಕೂ ಸುಳಿಯಲಿಲ್ಲ.

ಕೊಲೆ ನಡೆದ ಬಗೆಯನ್ನು ಹೇಳಬೇಕು. ಅಣವೀರಪ್ಪ ಬಸವಂತರಾಯರ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುವ ಕಂಪಾಸಿಟರು. ಬಸವಂತರಾಯರು ‘ಪಡುಗಡಲ ದೀಪ’ ಎಂಬ ಮಾಸಪತ್ರಿಕೆಯ ಮಾಲೀಕರು, ಸಂಪಾದಕರು, ಮತ್ತು ತಮ್ಮ ಸಂಪಾದಕೀಯದ ಏಕೈಕ ಓದುಗರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷದ ದೀಪಾವಳಿಯಿಂದ ಆ ಪತ್ರಿಕೆಯಲ್ಲಿ ‘ಶನಿಮಂಡಲದ ಸಮರ’ ಎಂಬ ಧಾರಾವಾಹಿ ನಡೆದಿತ್ತು. ಬರೆಯುವವರು ‘ಗಗನಪಾಂಥ’. ಒಂದು ವಿಳಾಸ ಬಿಟ್ಟರೆ, ಅವರು ಯಾರೆಂದು ಯಾರಿಗೂ ತಿಳಿಯದು. ಹಸ್ತಪ್ರತಿ ಪ್ರತಿ ತಿಂಗಳೂ ಟಪಾಲಿನಲ್ಲಿ ಬರುತ್ತಿತ್ತು, ರಾಯರು ಪುಟ ಎಣಿಸುತ್ತಿದ್ದರು, ಅಣವೀರಪ್ಪ ಜೋಡಿಸುತ್ತಿದ್ದ, ಆಮೇಲೆ ಹಸ್ತಪ್ರತಿ ರದ್ದಿಗೆ ಹೋಗುತ್ತಿತ್ತು.

ನಲವತ್ತಾರನೆಯ ಕಂತಿನ ಕಟ್ಟಕಡೆಯ ಸಾಲು ಹೀಗಿತ್ತು: ‘ಏಳನೆಯ ಉಂಗುರದ ಕದನದಲ್ಲಿ ದಳಪತಿ ರಣಭಾನು ಸೋತ.’ ಅಣವೀರಪ್ಪನ ಕೈ ‘ಸೋ’ದ ದೀರ್ಘಕ್ಕಾಗಿ ಮೊಳೆಯ ಗೂಡಿಗೆ ಹೋಯಿತು. ಗೂಡು ಖಾಲಿ! ಕೀ, ಕೇ, ಕೋ ಎಂದು ಅಕ್ಷರ ಎಳೆಯುವಾಗ ಬಲಕ್ಕೆ ಒಂದು ದೀರ್ಘದ ಗುರುತು ಬೇಕಲ್ಲ, ಅದಕ್ಕೆ ಬೇರೆಯೇ ಮೊಳೆ. ಆ ಮೊಳೆಗಳನ್ನೆಲ್ಲ ಭಾಂಡುಪ್ ಕನ್ನಡಿಗರ ಸಂಘದ ಸದಸ್ಯರ ಪಟ್ಟಿ ನುಂಗಿ ಕೂತಿತ್ತು. ನಾಲ್ಕುನೂರ ಹನ್ನೆರಡು ಹೆಸರು, ಪ್ರತಿಯೊಂದು ಹೆಸರಿನ ಮುಂದೂ ಒಂದು ‘ಶ್ರೀ’ ಅಥವಾ ‘ಶ್ರೀಮತಿ’. ಶ್ರೀ ಬಿಟ್ಟರೆ ಸದಸ್ಯರು ಜಗಳಕ್ಕೆ ಬರುವವರು. ಅಚ್ಚಿಗೆ ಹೋಗಲು ಹೊತ್ತಾಗಿತ್ತು. ಸಾಲಿನ ಕೊನೆಯಲ್ಲಿ ಎರಡೇ ಅಕ್ಷರ ಹಿಡಿಸುವಷ್ಟು ಜಾಗ. ‘ಸೊತ’ ಎಂದು ಬಿಟ್ಟರೆ ಕನ್ನಡಕ್ಕೆ ಅವಮಾನ ಎಂದು ನಮ್ಮ ಅಣವೀರಪ್ಪ ಯೋಚಿಸಿದ. ತ ಒತ್ತಿನ ಮೊಳೆಗಳು ಬೇಕಾದಷ್ಟು ಇದ್ದವು. ‘ಸತ್ತ’ ಎಂದು ಜೋಡಿಸಿದ. ಯುದ್ಧದಲ್ಲಿ ಸೋತವನಿಗೂ ಸತ್ತವನಿಗೂ ಅಂಥಾ ಫರಕು ಏನಿದೆ ಎಂದುಕೊಂಡ. ಪ್ರೂಫ್ ನೋಡುವವರು ಮದುವೆಗೆಂದು ಊರಿಗೆ ಹೋಗಿದ್ದರಿಂದ ಪ್ರೂಫನ್ನೂ ಅವನೇ ನೋಡಿ, ತಪ್ಪಿಲ್ಲ ಎಂದು ಸಹಿ ಹಾಕಿದ.

ಮುಂದಿನ ತಿಂಗಳು, ನಲವತ್ತೇಳನೆಯ ಕಂತಿನ ಮೊದಲ ಪುಟದಲ್ಲಿ ದಳಪತಿ ರಣಭಾನು ಡೇರೆಯ ಪರದೆ ಸರಿಸಿ ಒಳಗೆ ಬಂದು, ಕಾಲ ಮೇಲೆ ಕಾಲು ಹಾಕಿ ಕೂತು, ಕುಡಿಯಲು ನೀರು ಕೇಳಿದ. ಅಣವೀರಪ್ಪ ಕಂಡೂ ಕಾಣದಂತೆ ಅದನ್ನೂ ಜೋಡಿಸಿದ.

ಆ ನೀರು ಕೇಳಿದ್ದೇ ತಡ, ಭಾಂಡುಪ್ ಸ್ಟೇಶನ್ ರಸ್ತೆಯ ಸದಾನಂದನ ಲಂಚ್ ಹೋಮಿನಲ್ಲಿ ಬೆಂಕಿ ಬಿತ್ತು. ಉಡುಪಿ ಕಡೆಯ ಸದಾನಂದ ಹಣದ ಗಲ್ಲೆಯ ಮೇಲೆ ಕೂತೇ ಧಾರಾವಾಹಿ ಓದುವ ಮನುಷ್ಯ. ಪ್ರತಿ ಭಾನುವಾರ ಬೆಳಿಗ್ಗೆ ಅವನ ಹೋಟೆಲಿನಲ್ಲಿ ಶನಿಮಂಡಲದ ಓದುಗರು ಹತ್ತು ಹದಿನೈದು ಜನ ಸೇರುತ್ತಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಆದ ಬಾಗಲಕೋಟೆ ಕಡೆಯ ಖಂಡಪ್ಪ ಅವರಲ್ಲಿ ಮುಂದಾಳು. ಎಪ್ಪತ್ತೊಂದರ ನಿಜವಾದ ಯುದ್ಧದ ಬ್ಲಾಕೌಟಿನಲ್ಲೂ ಕಂದೀಲಿಗೆ ಕರಿ ಕಾಗದ ಸುತ್ತಿ ಇಪ್ಪತ್ತಾರನೆಯ ಕಂತು ಓದಿದ ಅಭಿಮಾನಿ ಅವನು.

“ಸತ್ತಾನಂದ್ರ ಸತ್ತಾನ!” ಖಂಡಪ್ಪ ಮೇಜು ಗುದ್ದಿದ. “ಅಚ್ಚಾಗೇತಿ. ಸತ್ತ ಅಂತ ಬರದಾರ. ಈಗ ಬಂದಾವ ರಣಭಾನು ಅಲ್ಲ, ವೈರಿ ಉಂಗುರದವರ ಹೇರ ಅವ. ಮಾರಿ ಬದಲ ಮಾಡ್ಕೊಂಡ ಬಂದಾನ. ನೀರು ಕೇಳಿದ್ದ ನೋಡ್ರಿ! ರಣಭಾನು ಯಾವಾಗರ ನೀರು ಕೇಳ್ಯಾನ? ಅವ ಮಜ್ಜಿಗಿ ಮನಿಷ್ಯಾ.”

“ಹೇರ ಅಂದ್ರೆ ಎಂತ ಮಾರಾಯ್ರೆ?” ಎಂದ ಸದಾನಂದ.

“ಗೂಢಚಾರ!”

“ಅಲ್ಲವೇ ಅಲ್ಲ,” ಎಂದು ಸದಾನಂದ ಕನ್ನಡಕ ಸರಿಮಾಡಿಕೊಂಡ. “ಸ್ವಲ್ಪ ವಿಜ್ಞಾನ ನೋಡಿ. ಶನಿಯಲ್ಲಿ ಒಂದು ವರ್ಷ ಅಂದ್ರೆ ನಮ್ಮ ಮೂವತ್ತು ವರ್ಷ. ಹಾಗಿರುವಾಗ ಅಲ್ಲಿ ಒಬ್ಬ ಸಾಯ್ಲಿಕ್ಕೆ ಎಷ್ಟು ಸಮಯ ಬೇಕು, ನೀವೇ ಹೇಳಿ. ಅವ ಸತ್ತದ್ದು ಹೌದು, ಆದ್ರೆ ಇನ್ನೂ ಪೂರ್ತಿ ಆಗ್ಲಿಲ್ಲ. ಸಾಯ್ತಾ ಇದ್ದಾನೆ. ನಡುವೆ ಬಾಯಾರಿಕೆ ಆಯ್ತು, ನೀರು ಕೇಳಿದ.”

ಎರಡೂ ಪಕ್ಷದವರು ಒಟ್ಟಿಗೇ ತಿರುಗಿ ಮೂಲೆಯ ಮೇಜಿನಲ್ಲಿ ಕೂತಿದ್ದ ಅಣವೀರಪ್ಪನನ್ನು ನೋಡಿದರು.

ಇಲ್ಲಿ ಒಂದು ಗುಟ್ಟು ಹೇಳಬೇಕಾಗುತ್ತದೆ. ಆರು ವರ್ಷಗಳ ಹಿಂದೆ ಈ ಹೋಟೆಲಿಗೆ ಮೊದಲ ಸಲ ಬಂದಾಗ ಯಾರೋ ‘ಏನು ಕೆಲಸ?’ ಎಂದು ಕೇಳಿದ್ದಕ್ಕೆ ಅಣವೀರಪ್ಪ ‘ಪತ್ರಿಕೆಯೊಳಗ ಅದೀನ್ರಿ’ ಎಂದಿದ್ದ. ಅಷ್ಟೇ. ಅಂದಿನಿಂದ ಅವನು ‘ಸಂಪಾದಕ ಸಾಹೇಬ್ರು’ ಆದ. ವಾರಕ್ಕೆ ಆರು ದಿನ ತಿರುವುಮುರುವು ಅಕ್ಷರಗಳನ್ನು ನೋಡಿ ಕಣ್ಣು ಕೆಂಪಾಗಿಸಿಕೊಳ್ಳುವವನಿಗೆ ಏಳನೆಯ ದಿನ ಯಾರಾದರೂ ಕುರ್ಚಿ ಒರೆಸಿ ‘ಬನ್ನಿ ಸಾಹೇಬ್ರೆ’ ಎಂದರೆ ಬೇಡವೆನ್ನಲು ಮನಸ್ಸು ಬಂದೀತೆ? ಅವನು ಸುಳ್ಳು ಹೇಳಲಿಲ್ಲ. ನಿಜವನ್ನು ಅರ್ಧ ದಾರಿಯಲ್ಲಿ ಇಳಿಸಿಬಿಟ್ಟ, ಅಷ್ಟೆ.

“ಸಾಹೇಬ್ರ, ನೀವ ಹೇಳ್ರಿ. ಸತ್ತಾನೋ, ಬದುಕ್ಯಾನೋ?”

ಅಣವೀರಪ್ಪನಿಗೆ ಖಾಲಿ ಗೂಡು ಕಣ್ಣ ಮುಂದೆ ಬಂತು. “ಅದು… ಅದು ಸಂಪಾದಕ ಮಂಡಳಿಯೊಳಗಿನ ಮಾತ್ರಿ. ಹೊರಗ ಹೇಳಾಕ ಬರೂದಿಲ್ಲ,” ಎಂದು ಕಪ್ಪಿನ ಚಹಾವನ್ನು ಬಸಿಗೆ ಸುರಿಯಲು ಹೋಗಿ ಅಂಗಿಗೆ ಸುರಿದುಕೊಂಡ.

ಅಲ್ಲಿಗೆ ಮುಗಿಯಿತೆ? ಗುಟ್ಟು ಇದೆ ಎಂದ ಮೇಲೆ ಜನ ಸುಮ್ಮನಿರುತ್ತಾರೆಯೆ? ಮುಂದಿನ ಭಾನುವಾರದ ಹೊತ್ತಿಗೆ ಹೋಟೆಲು ನಡುವೆ ಸೀಳಿಕೊಂಡಿತು. ಗೋಡೆ ಕಡೆಯ ಮೇಜುಗಳು ಖಂಡಪ್ಪನ ಪಕ್ಷದವು, ಕಿಟಕಿ ಕಡೆಯವು ಸದಾನಂದನವು. ಪರಸ್ಪರ ಚಟ್ನಿ ಬಟ್ಟಲು ಕೂಡ ದಾಟಿಸುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಬಡಿಸುತ್ತಿದ್ದ ಹಿರಿಯ ಸಪ್ಲಾಯರ್ ಅಂಗಾರನಿಗೆ ಇದೆಲ್ಲ ತಲೆಬೇನೆ. ಅವನು ತನ್ನ ಅನುಕೂಲಕ್ಕೆ ಅಡುಗೆಮನೆಗೆ ಕೂಗತೊಡಗಿದ: “ಸತ್ತವರಿಗೆ ಎರಡು ಇಡ್ಲಿ! ಬದುಕಿದವರಿಗೆ ಒಂದು ಕಡಕ್ ಚಾ!”

ಇಂಥ ಒಂದು ಭಾನುವಾರವೇ ವಾರ್ಡಿನ ಆಹಾರ ಇನ್ಸ್‌ಪೆಕ್ಟರರು ಮಸಾಲೆ ದೋಸೆ ತಿನ್ನಲು ಬರಬೇಕೆ! ಅವರು ಮರಾಠಿಯವರು, ಆದರೆ ಹೋಟೆಲುಗಳಲ್ಲಿ ತಿಂದೂ ತಿಂದೂ ‘ಸತ್ತ’ ಎಂಬಷ್ಟು ಕನ್ನಡ ಬರುತ್ತಿತ್ತು. ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು.

“ಇಥೆ ಕೋಣ್ ಮೇಲಾ?” ಇಲ್ಲಿ ಸತ್ತವರು ಯಾರು ಎಂದು ಗದರಿಸಿದರು.

ಸದಾನಂದ ಗಲ್ಲೆಯಿಂದ ಹಾರಿ ಬಂದ. “ಇಥೆ ಕೋಣೀ ನಾಹೀ ಸಾಹೇಬ್! ಶನಿವರ್ ಮೇಲಾ!” ಎಂದ. ಶನಿಯ ಮೇಲೆ ಸತ್ತ ಎಂದು ಅವನ ಅರ್ಥ. ಇನ್ಸ್‌ಪೆಕ್ಟರರಿಗೆ ಕೇಳಿಸಿದ್ದು ಶನಿವಾರ ಸತ್ತ ಎಂದು.

“ಶನಿವಾರೀ? ಮ್ಹಣಜೆ ಕಾಲ್! ನಿನ್ನೆ! ಕಾಯ್ ಖಾವೂನ್ ಮೇಲಾ?”

“ತಿಂದು ಸತ್ತದ್ದಲ್ಲ ಸಾಹೇಬ್, ಲಢಾಯೀ, ಲಢಾಯೀ!” ಎಂದು ಸದಾನಂದ ಕತ್ತಿ ಬೀಸಿ ತೋರಿಸಿದ.

“ಹೋಟೆಲಿನಲ್ಲಿ ಹೊಡೆದಾಟವೂ ಆಯಿತೆ?” ಎಂದು ಇನ್ಸ್‌ಪೆಕ್ಟರರು ಎದ್ದು, ಸಾಂಬಾರನ್ನು ಒಂದು ಶೀಶೆಯಲ್ಲಿ ತುಂಬಿಸಿ, ಅರಗು ಹಾಕಿಸಿ, ತಪಾಸಣೆಗೆ ಒಯ್ದರು. ಆ ಸಾಂಬಾರಿನಲ್ಲಿ ಬೇಳೆ ಕಡಿಮೆ ಎಂಬುದನ್ನು ಬಿಟ್ಟರೆ ಮತ್ತಾವ ದೋಷವೂ ಇಲ್ಲವೆಂದು ಆಮೇಲೆ ವರದಿ ಬಂತು. ಆದರೆ ಸದಾನಂದನ ಅಭಿಮಾನಕ್ಕೆ ಪೆಟ್ಟಾಗಿತ್ತು. ಅವನು ಖಂಡಪ್ಪನ ಜೊತೆ ಮಾತು ಬಿಟ್ಟ.

ಇಬ್ಬರೂ ಮಾತು ಬಿಟ್ಟದ್ದರಿಂದ ಪತ್ರ ಬರೆಯಲು ಹತ್ತಿದರು. ಎರಡೂ ಪಕ್ಷದವರು, ಅವರ ಗೆಳೆಯರು, ಗೆಳೆಯರ ಗೆಳೆಯರು ಸೇರಿ ‘ಪಡುಗಡಲ ದೀಪ’ಕ್ಕೆ ನೂರ ಹದಿನೇಳು ಪತ್ರ ಹಾಕಿದರು. ಬಸವಂತರಾಯರು ಜೀವಮಾನದಲ್ಲಿ ಅಷ್ಟು ಪತ್ರ ಕಂಡವರಲ್ಲ. ಮೊದಲ ಪತ್ರ ಒಡೆಯುವಾಗ ತಮ್ಮ ಸಂಪಾದಕೀಯದ ಬಗ್ಗೆ ಇರಬಹುದೆಂದು ಕೊಂಚ ಹಿಗ್ಗಿದ್ದರಂತೆ. ನಾಲ್ಕನೆಯದಕ್ಕೆ ಮುಖ ಹುಳ್ಳಗಾಯಿತು. ‘ಸತ್ತವನನ್ನು ಎಬ್ಬಿಸಿದ್ದೀರಿ. ನಿಮ್ಮ ಪ್ರಮಾದವನ್ನು ನೀವೇ ಸರಿಪಡಿಸತಕ್ಕದ್ದು’ ಎಂದು ಗಗನಪಾಂಥರಿಗೆ ಒಂದು ಗಡುಸು ಕಾಗದ ಬರೆದು, ನೂರ ಹದಿನೇಳನ್ನೂ ಕಟ್ಟಿ ಪಾರ್ಸೆಲ್ ಮಾಡಿದರು.

ಮೂರನೆಯ ದಿನಕ್ಕೆ ಉತ್ತರ ಬಂತು. ರಾಯರು ಪ್ರೆಸ್ಸಿನ ನಡುವೆ ನಿಂತು ಗಟ್ಟಿಯಾಗಿ ಓದಿದರು:

‘ನಾನು ರಣಭಾನುವನ್ನು ಕೊಂದಿಲ್ಲ. ಅವನನ್ನು ಕೊಂದವರು ನಿಮ್ಮಲ್ಲೇ ಯಾರೋ ಇದ್ದಾರೆ. ಅವರು ಖುದ್ದಾಗಿ ಬಂದು ಯಾಕೆ ಕೊಂದರೆಂದು ಹೇಳುವವರೆಗೆ ಮುಂದಿನ ಕಂತು ಇಲ್ಲ. ಯುದ್ಧ ಇಲ್ಲಿಗೆ ನಿಂತಿತು.’

“ಇದೇನಿದು ಅಣವೀರಪ್ಪ? ನಮ್ಮಲ್ಲಿ ಯಾರು ಕೊಲ್ಲುತ್ತಾರೆ?” ಎಂದು ರಾಯರು ಕನ್ನಡಕದ ಮೇಲಿಂದ ನೋಡಿದರು. “ಕೊಂದವನು ಸಿಕ್ಕಲಿ, ಆ ಕ್ಷಣ ಪ್ರೆಸ್ಸಿನಿಂದ ಹೊರಗೆ!”

“ಹೌದ್ರಿ,” ಎಂದ ಅಣವೀರಪ್ಪ. ಅವನ ಕೈಯಿಂದ ಮೊಳೆ ಕೂರಿಸುವ ಪಟ್ಟಿ ಜಾರಿ ಬಿದ್ದು, ಅಂದಿನ ಸಂಪಾದಕೀಯ ನೆಲದ ತುಂಬ ಚೆಲ್ಲಿತು.

ಪಾಪ, ಅವನ ಸಂಕಟ ಶತ್ರುವಿಗೂ ಬೇಡ. ಬಾಯಿ ಬಿಟ್ಟರೆ ಕೆಲಸವೂ ಹೋಯಿತು, ಹೋಟೆಲಿನ ಸಾಹೇಬಗಿರಿಯೂ ಹೋಯಿತು. ಬಾಯಿ ಮುಚ್ಚಿಕೊಂಡರೆ ಧಾರಾವಾಹಿ ನಿಂತಿತು. ಅದು ನಿಲ್ಲುವುದನ್ನು ಅವನಿಂದ ತಾಳಲಾಗದು. ಯಾಕೆಂದರೆ ಶನಿಮಂಡಲದ ಸಮರವನ್ನು ಲೋಕದಲ್ಲಿ ಎಲ್ಲರಿಗಿಂತ ಮೊದಲು ಓದುವವನು ಅವನೇ. ಒಂದೊಂದೇ ಅಕ್ಷರವಾಗಿ, ಬಲದಿಂದ ಎಡಕ್ಕೆ, ಉಸಿರು ಬಿಗಿಹಿಡಿದು ಓದುತ್ತಿದ್ದ. ರಣಭಾನು ಎಂದರೆ ಅವನಿಗೂ ಪ್ರಾಣ.

ಪ್ರೆಸ್ಸಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅಣವೀರಪ್ಪ ಚಾಳಿನ ಕೋಣೆಯಲ್ಲಿ ಮಲಗಿ ನಿದ್ದೆಗಣ್ಣಿನಲ್ಲಿ ಬಡಬಡಿಸಿದ: “ನಾನ ಕೊಂದೆ… ಜಾಗಾ ಇರಲಿಲ್ಲ… ಅದಕ್ಕ ಕೊಂದೆ…”

ಹೆಂಡತಿ ಭಾಗವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಬಿಟ್ಟೆದ್ದಳು. ಬಾಗಿಲ ಬಳಿ ಕೂತಿದ್ದ ಪಕ್ಕದ ಕೋಣೆಯ ಇಂದ್ರಾಬಾಯಿ ಕಿವಿ ನಿಮಿರಿಸಿದಳು.

“ಯವ್ವಾ! ನನ್ನ ಗಂಡ ಯಾರನ್ನೋ ಕೊಂದಾನಂತ!” ಎಂದು ಭಾಗವ್ವ ಎದೆ ಬಡಿದುಕೊಂಡಳು. “ಕೋಳಿ ಕೊಯ್ಯೂದು ಕಂಡ್ರ ತಲಿ ತಿರಗತೈತಿ ಇವರಿಗಿ. ನಾ ನಂಬಂಗಿಲ್ಲ!”

“ಜಾಗಾಕ್ಕ ಕೊಂದೆ ಅಂದಾರ ಅಂದ್ರ ನಂಬಬೇಕ ತಂಗೀ,” ಎಂದಳು ಇಂದ್ರಾಬಾಯಿ. “ಮುಂಬೈ ಇದು. ನಮ್ಮ ಚಾಳಿನ್ಯಾಗ ಒಂದು ಕೊಡಾ ಇಡೂ ಜಾಗಾಕ್ಕ ಎಷ್ಟು ಜಗಳಾ ಆಗ್ಯಾವು. ನಿಮ್ಮದ ಹತ್ತಕ್ಕ ಹತ್ತರ ಖೋಲಿ. ಯಾರರ ಬಂದು ಇರತೀನಿ ಅಂದ್ರ ಎಲ್ಲಿ ಮಲಗಸ್ತಾರ?”

ಸುದ್ದಿ ಮುಟ್ಟಿ, ಒಂದು ತಾಸಿನೊಳಗೆ ಭಾಗವ್ವನ ತಮ್ಮ ಹಣಮಂತ ಪವಾಯಿಯಿಂದ ಓಡೋಡಿ ಬಂದ. ಅವನು ಅಲ್ಲಿಯ ದೊಡ್ಡ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್. ಖಾಕಿ, ಲಾಠಿ, ಸೀಟಿ ಎಲ್ಲವೂ ಇದ್ದವು. ಅಕ್ಕನ ಗಂಡನನ್ನು ಮಂಚದ ಮೇಲೆ ಕೂರಿಸಿ, ಬಾಗಿಲಿಗೆ ಅಡ್ಡ ನಿಂತು ವಿಚಾರಣೆ ಶುರುಮಾಡಿದ. ಚಾಳಿನ ಅರ್ಧ ಜನ ಕಿಟಕಿಯಲ್ಲಿದ್ದರು.

“ಖರೇ ಹೇಳ್ರಿ ಮಾವಾರ. ಯಾರನ್ನ ಕೊಂದ್ರಿ?”

“ದಳಪತಿನ್ನ,” ಎಂದ ಅಣವೀರಪ್ಪ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿತ್ತು.

“ಮಿಲ್ಟ್ರಿ ಮನಿಷ್ಯಾನ್ನ!” ಹಣಮಂತನ ಸೀಟಿ ಬಾಯಿಂದ ಬಿತ್ತು. “ಎಲ್ಲಿ?”

“ಪ್ರೆಸ್ಸಿನ್ಯಾಗ.”

“ಹೆಂಗ?”

“ತ ಒತ್ತು ಕೊಟ್ಟೆ.”

“ಒತ್ತಿ ಕೊಂದ್ರ್ಯಾ! ಕುತಿಗಿ ಒತ್ತಿದ್ರ್ಯಾ?”

“ಕುತಿಗಿಗಲ್ಲೋ, ತಕ್ಕ! ತಕ್ಕ ಒತ್ತು ಕೊಟ್ಟೆ. ದೀರ್ಘ ಸಿಗಲಿಲ್ಲ.”

“ದೀರ್ಘ ಅಂದ್ರ ದೀರ್ಘಾಯುಷ್ಯನೋ ಏನೋ,” ಎಂದು ಕಿಟಕಿಯಿಂದ ಇಂದ್ರಾಬಾಯಿ ವಿವರಿಸಿದಳು.

“ಹೆಣಾ ಎಲ್ಲೈತಿ?”

“ಹೆಣಾ ಎಲ್ಲಿದು? ಮುಂದಿನ ತಿಂಗಳ ಎದ್ದು ಬಂದು ನೀರು ಬೇಡ್ಯಾನ.”

ಭಾಗವ್ವ ಕಿಟಾರನೆ ಕಿರುಚಿ ದೇವರ ಗೂಡಿನ ಭಸ್ಮ ತಂದು ಗಂಡನ ಹಣೆಗೂ, ತಮ್ಮನ ಹಣೆಗೂ, ಲಾಠಿಗೂ ಬಳಿದಳು. ನಿಜ ಸಂಗತಿಯನ್ನು ಬಿಡಿಸಿ ಹೇಳುವ ಹೊತ್ತಿಗೆ ಅಣವೀರಪ್ಪನಿಗೆ ಸಾಕುಸಾಕಾಯಿತು. ಕಥೆಯೊಳಗಿನ ಮನುಷ್ಯ ಎಂದು ತಿಳಿದಾಗ ಕಿಟಕಿಯ ಜನ ಬೇಜಾರಾಗಿ ಚದುರಿದರು. ಆದರೆ ಭಾಗವ್ವ ಸುಮ್ಮನಾಗಲಿಲ್ಲ.

“ಕಥಿ ಆದ್ರೇನು? ನಾಕು ವರ್ಷ ಅನ್ನಾ ಹಾಕಿ ಬೆಳಸಿದಂಗ ಬೆಳಸ್ಯಾರ ಬರದಾವ್ರು. ನೀವು ಹೋಗಿ ಕಾಲು ಮುಟ್ಟಿ ಬರ್ರಿ. ಸತ್ತವರ ಮನಿಗೆ ಬರೇ ಕೈಲೆ ಹೋಗಬಾರದು,” ಎಂದು ರೊಟ್ಟಿ, ಪುಂಡಿಪಲ್ಲೆ, ಮೊಸರು ಕಟ್ಟಿ ಬುತ್ತಿ ಕೈಗಿತ್ತಳು. ಅಪರಾಧಿ ನಡುದಾರಿಯಲ್ಲಿ ತಪ್ಪಿಸಿಕೊಳ್ಳಬಾರದೆಂದು ಹಣಮಂತನನ್ನು ಜೊತೆಗೆ ಕಳಿಸಿದಳು.

ಪಾರ್ಸೆಲ್ಲಿನ ಮೇಲೆ ತಾನೇ ಅಂಟಿಸಿದ್ದ ವಿಳಾಸ ಅಣವೀರಪ್ಪನಿಗೆ ನೆನಪಿತ್ತು. ಮುಲುಂಡಿಗೆ ಇಳಿದು, ಕೇಳಿಕೊಂಡು ಹೋದರೆ ಒಂದು ಬಿಲ್ಡಿಂಗಿನ ಕೆಳಮನೆ. ಬಾಗಿಲಿಗೆ ‘ಇಲ್ಲಿ ರವಿಕೆ ಹೊಲಿದು ಕೊಡಲಾಗುವುದು’ ಎಂಬ ಫಲಕ. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹೊಲಿಗೆಯಂತ್ರ ತುಳಿಯುತ್ತಿದ್ದರು. ಹೆಸರು ವಾರಿಜಾ, ಊರು ಮಂಗಳೂರು ಕಡೆ.

“ಗಗನಪಾಂಥರು ಅದಾರೇನ್ರಿ?”

ಆಕೆ ಬಾಯಲ್ಲಿದ್ದ ಗುಂಡುಸೂಜಿ ತೆಗೆದರು. “ನಾನೇ. ಎಂತ ಬೇಕಿತ್ತು?”

ಅಣವೀರಪ್ಪ ಅವರ ಬೆನ್ನ ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ಇಣುಕಿದ. ದಪ್ಪ ಮೀಸೆಯ, ಪೈಪು ಸೇದುವ ಮನುಷ್ಯನ ಕಾಲು ಮುಟ್ಟಲು ಅವನು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದ. ಗೋಡೆಯ ಮೇಲೆ ರವಿಕೆ ಕತ್ತರಿಸುವ ಕಂದು ಕಾಗದದಲ್ಲಿ ಶನಿಯ ಏಳು ಉಂಗುರಗಳ ನಕ್ಷೆ ಇತ್ತು. ಅದರ ಪಕ್ಕದಲ್ಲಿ ಉದ್ದನೆಯ ಒಂದು ಪಟ್ಟಿ.

“ನಾನು ಕೊಂದಾವ್ರಿ,” ಎಂದು ಬುತ್ತಿಯನ್ನು ಮುಂದಿಟ್ಟು ನೆಲಕ್ಕೆ ಕೂತ.

ವಾರಿಜಾ ಯಂತ್ರ ನಿಲ್ಲಿಸಿದರು. “ಓ, ನೀವಾ! ಬನ್ನಿ ಇಲ್ಲಿ. ಇದು ನನ್ನ ಯುದ್ಧದಲ್ಲಿ ಸತ್ತವರ ಪಟ್ಟಿ. ನಾನೂರು ಚಿಲ್ಲರೆ ಜನ ಇದ್ದಾರೆ. ಯಾರು, ಎಲ್ಲಿ, ಹೇಗೆ ಸತ್ತದ್ದು, ಎಲ್ಲ ಬರ್ದಿಟ್ಟಿದ್ದೇನೆ. ಇದ್ರಲ್ಲಿ ರಣಭಾನು ಎಲ್ಲುಂಟು ತೋರ್ಸಿ ನೋಡುವ.”

ಅಣವೀರಪ್ಪ ಎಲ್ಲವನ್ನೂ ಹೇಳಿದ. ಸದಸ್ಯರ ಪಟ್ಟಿ, ನಾಲ್ಕುನೂರ ಹನ್ನೆರಡು ಶ್ರೀಗಳು, ಖಾಲಿ ಗೂಡು, ಊಟದ ಹೊತ್ತು. ಹೇಳುತ್ತ ಹೇಳುತ್ತ ಅತ್ತೇಬಿಟ್ಟ. ಬಾಗಿಲಲ್ಲಿ ಲಾಠಿ ಹಿಡಿದು ನಿಂತ ಹಣಮಂತನೂ ಕಣ್ಣೊರೆಸಿಕೊಂಡ, ಯಾಕೆಂದು ಅವನಿಗೂ ಗೊತ್ತಾಗಲಿಲ್ಲ.

“ದೇವರೇ! ಒಂದು ದೀರ್ಘಕ್ಕೆ ಒಂದು ಜೀವವಾ?” ಎಂದು ವಾರಿಜಾ ಹಣೆ ಚಚ್ಚಿಕೊಂಡರು. ಆಮೇಲೆ ಮೂಲೆಯಲ್ಲಿದ್ದ ಪಾರ್ಸೆಲ್ ಕಡೆ ಕೈ ತೋರಿಸಿದರು. “ಅದಿರ್ಲಿ. ಈ ಕಾಗದ ಎಲ್ಲ ಬರ್ದದ್ದು ಯಾರು? ನಿಮ್ಮ ರಾಯರು ಕೂತು ಬರೆಸಿದ್ದಲ್ವಾ, ನನ್ನನ್ನು ಹೆದ್ರಿಸ್ಲಿಕ್ಕೆ? ನಾಲ್ಕು ವರ್ಷದಲ್ಲಿ ನನಗೆ ಒಂದೇ ಒಂದು ಕಾಗದ ಬರ್ಲಿಲ್ಲ. ಇದನ್ನು ಓದುವವರು ಯಾರೂ ಇಲ್ಲ ಅಂತ ನನಗೆ ಯಾವಾಗ್ಲೋ ಗೊತ್ತಾಗಿದೆ. ನಿಲ್ಲಿಸ್ಲಿಕ್ಕೆ ಒಂದು ನೆಪ ಬೇಕಿತ್ತು, ನೀವು ಕೊಟ್ರಿ. ಸಾಕು ಮಾರಾಯ್ರೆ, ರವಿಕೆ ಹೊಲೀತೇನೆ.”

“ಇಲ್ಲಕ್ಕಾರ! ಓದತಾರ!” ಅಣವೀರಪ್ಪ ಎದ್ದು ನಿಂತ. “ಓದಿ ಬಡಿದಾಡ್ಲಿಕತ್ತಾರ! ಆಯಿತವಾರ ಭಾಂಡುಪಿಗೆ ಬರ್ರಿ, ನಿಮ್ಮ ಕಣ್ಣಲೆ ನೋಡ್ರಿ.”

ವಾರಿಜಾ ಬುತ್ತಿ ಬಿಚ್ಚಿ ರೊಟ್ಟಿಯ ಒಂದು ಚೂರು ಬಾಯಿಗಿಟ್ಟು ಯೋಚಿಸಿದರು. “ಬರ್ತೇನೆ. ಆದ್ರೆ ಒಂದು ಕರಾರು. ಅವರೆಲ್ಲರ ಎದುರಿಗೆ ನೀವು ಮಾಡಿದ್ದು ನೀವೇ ಹೇಳ್ಬೇಕು. ನನ್ನ ರಣಭಾನುವಿನ ಮೇಲೆ ಅಪವಾದ ಬೇಡ.”

ಭಾನುವಾರ ಬಂತು. ಭಾಗವ್ವ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಅಣವೀರಪ್ಪ ಹೋಟೆಲಿನ ನಟ್ಟನಡುವೆ, ಎರಡು ಪಕ್ಷಗಳ ಮಧ್ಯದ ಖಾಲಿ ಜಾಗದಲ್ಲಿ ನಿಂತ. ಬಸವಂತರಾಯರೂ ಬಂದಿದ್ದರು, ಅವರನ್ನು ಅವನೇ ಕರೆದಿದ್ದ. ಬಾಗಿಲ ಹತ್ತಿರದ ಮೇಜಿನಲ್ಲಿ ಕೊಡೆ ಹಿಡಿದು ವಾರಿಜಾ ಕೂತಿದ್ದರು. ಅಣವೀರಪ್ಪ ಕೈ ಮುಗಿದ.

“ನಾನು ಸಂಪಾದಕ ಅಲ್ರಿ,” ಎಂದ. “ಕಂಪಾಸಿಟರ್. ಮೊಳಿ ಜೋಡಸಾವ. ಆರು ವರ್ಷ ನಿಮಗ ಸುಳ್ಳು ಹೇಳೀನಿ. ದಳಪತಿ ಸತ್ತಿಲ್ಲ, ಸೋತಾನ. ದೀರ್ಘ ಖಾಲಿ ಆಗಿತ್ತು, ನಾನ ‘ಸತ್ತ’ ಅಂತ ಹಾಕಿದೆ. ಎಲ್ಲಾ ದೀರ್ಘ ನಿಮ್ಮ ನಿಮ್ಮ ಹೆಸರಿನ ಮುಂದಿನ ಶ್ರೀಕ್ಕ ಹೋಗಿದ್ದೂವು. ತಪ್ಪು ನಂದು. ಇನ್ನ ಮ್ಯಾಲ ನಾ ಇಲ್ಲಿ ಬರೂದಿಲ್ಲ.”

ಅಡುಗೆಮನೆಯಿಂದ ದೋಸೆ ಸೀದ ವಾಸನೆ ಬಂತು.

“ಯಾಕೆ ಬರುದಿಲ್ಲ?” ಎಂದ ಸದಾನಂದ. “ನೀವು ಕಂಪಾಸಿಟರ್ ಅಂತ ನಮಗೆ ಮೊದಲ ದಿನವೇ ಗೊತ್ತುಂಟು. ಸಂಪಾದಕರ ಉಗುರಲ್ಲಿ ಅಷ್ಟು ಮಸಿ ಇರ್ತದಾ?”

“ಗೊತ್ತಿತ್ತಾ?” ಅಣವೀರಪ್ಪ ತನ್ನ ಉಗುರು ನೋಡಿಕೊಂಡ. “ಮತ್ತ ಸಾಹೇಬ್ರು ಅಂತಿದ್ರಲ್ಲ?”

“ಹಾಂಗ ಅಂದ್ರ ನಿಮ್ಮ ಮಾರಿ ಅರಳತಿತ್ತಲ್ರಿ,” ಎಂದ ಗೋಡೆ ಕಡೆಯಿಂದ ಖಂಡಪ್ಪ. “ನಮ್ಮದೇನ ಗಂಟು ಹೋಗತೈತಿ? ಕುಂದರ್ರಿ ಸಾಹೇಬ್ರ.”

ಅಂಗಾರ ಬಂದು ಕುರ್ಚಿ ಒರೆಸಿ ಇಟ್ಟ. ಅಣವೀರಪ್ಪ ಕೂತುಕೊಂಡು ಇಸ್ತ್ರಿಯ ಅಂಗಿಯ ತೋಳಿನಿಂದ ಮುಖ ಮುಚ್ಚಿಕೊಂಡ. ಆರು ವರ್ಷ ಬಚ್ಚಿಟ್ಟ ಗುಟ್ಟು ಎಲ್ಲರಿಗೂ ಗೊತ್ತಿತ್ತು, ಗೊತ್ತಿದೆಯೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಬಸವಂತರಾಯರು ‘ಪ್ರೆಸ್ಸಿನಿಂದ ಹೊರಗೆ’ ಎಂದು ಎದ್ದವರು, ಹದಿನೈದು ಜೋಡಿ ಕಣ್ಣುಗಳು ತಮ್ಮತ್ತ ತಿರುಗಿದ್ದನ್ನು ಕಂಡು, “ಹೊರಗೆ… ಸೆಖೆ ಬಹಳ” ಎಂದು ಕೂತರು.

“ಆದ್ರ ಒಂದು ಮಾತು,” ಎಂದು ಖಂಡಪ್ಪ ಬೆರಳೆತ್ತಿದ. “ಆ ಮೊಳಿ ಕಥಿ ನಾ ನಂಬಂಗಿಲ್ಲ. ದಳಪತಿ ಸತ್ತಾನ.”

“ನಾನೂ ನಂಬುದಿಲ್ಲ,” ಎಂದ ಸದಾನಂದ. “ಇಷ್ಟು ದೊಡ್ಡ ಯುದ್ಧದಲ್ಲಿ ಇಷ್ಟು ಸಣ್ಣ ಕಾರಣ ಇರ್ಲಿಕ್ಕೆ ಸಾಧ್ಯವೇ ಇಲ್ಲ. ಖಂಡಪ್ಪಣ್ಣ ಹೇಳಿದ್ದು ಸಮ ಉಂಟು.”

ಇಷ್ಟು ವಾರಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ಸಂಗತಿ ಇದು. ಸಂತೋಷದಿಂದ ಸದಾನಂದ ತಾನೇ ಎದ್ದು ಹೋಗಿ ಚಟ್ನಿ ಬಟ್ಟಲನ್ನು ಗೋಡೆ ಕಡೆಗೆ ದಾಟಿಸಿದ.

ಅಣವೀರಪ್ಪ ಮುಖವೆತ್ತಿದ. “ಅಯ್ಯ, ಖರೇ ಐತ್ರೀಪಾ! ಬೇಕಂದ್ರ ಗಗನಪಾಂಥರನ್ನ ಕೇಳ್ರಿ. ಇಲ್ಲೇ ಕುಂತಾರ, ಇವರ!”

ಎಲ್ಲರೂ ತಿರುಗಿ ನೋಡಿದರು. ವಾರಿಜಾ ಎದ್ದು ನಿಂತು, “ಹೌದು, ನಾನೇ ಬರೆಯುವುದು. ಅವ ಸತ್ತಿಲ್ಲ,” ಎಂದರು.

ಇಡೀ ಹೋಟೆಲು ಬಿದ್ದುಬಿದ್ದು ನಕ್ಕಿತು.

“ಅಕ್ಕಾರ, ಸಾಹೇಬ್ರ ಮ್ಯಾಲ ಪ್ರೀತಿ ಇಟ್ಟು ಸಾಕ್ಷಿ ಹೇಳಾಕ ಬಂದೀರಿ, ಬರೋಬ್ಬರಿ ಐತಿ,” ಎಂದ ಖಂಡಪ್ಪ ಸಮಾಧಾನದ ದನಿಯಲ್ಲಿ. “ಗಗನಪಾಂಥರು ಮಿಲ್ಟ್ರಿಯೊಳಗ ಇದ್ದಾವ್ರು. ಅವರ ಯುದ್ಧಾ ಓದಿದ್ರ ತಿಳೀತೈತಿ. ನಿಮಗ ಆ ಕಥಿ ಗೊತ್ತಿರಾಕಿಲ್ಲ. ಕುಂದರ್ರಿ, ನಾ ಹೇಳ್ತೀನಿ.”

“ಅಮ್ಮಾ, ನೀವು ಸತ್ತವರ ಕಡೆಯಾ, ಬದುಕಿದವರ ಕಡೆಯಾ?” ಎಂದ ಅಂಗಾರ, ಲೋಟ ಹಿಡಿದು.

ವಾರಿಜಾ ಒಮ್ಮೆ ಅಣವೀರಪ್ಪನನ್ನು ನೋಡಿದರು. ಕೊಡೆಯನ್ನು ಗೋಡೆಗೆ ಒರಗಿಸಿ, “ಕುರ್ಚಿ ನಡುವೆ ಹಾಕಿ,” ಎಂದು ಕೂತರು.

ಖಂಡಪ್ಪ ಒಂದು ಉದ್ದಿನ ವಡೆಯನ್ನು ಮೇಜಿನ ಮೇಲಿಟ್ಟ. ಅದು ಏಳನೆಯ ಉಂಗುರ. ಉಪ್ಪಿನ ಡಬ್ಬಿ ರಣಭಾನು. ಚಮಚಗಳು ಶತ್ರುಗಳು. ಸದಾನಂದ ಗಲ್ಲೆ ಬಿಟ್ಟು ಬಂದು, ಉಪ್ಪಿನ ಡಬ್ಬಿ ಎಡಗಡೆಯಿಂದ ಬಂದದ್ದಲ್ಲ, ಬಲಗಡೆಯಿಂದ ಎಂದು ತಕರಾರು ತೆಗೆದ. ಮೂವತ್ತನೆಯ ಕಂತಿನಲ್ಲಿ ಸೇತುವೆ ಮುರಿದಿತ್ತಲ್ಲ, ಎಡದಿಂದ ಹೇಗೆ ಬಂದಾನು ಎಂದ. ಆ ಸೇತುವೆ ಮುರಿದದ್ದು ವಾರಿಜಾರಿಗೇ ಮರೆತುಹೋಗಿತ್ತು. ಅವರು ಮೆಲ್ಲನೆ ಚೀಲದಿಂದ ಪೆನ್ಸಿಲ್ ತೆಗೆದು ಬಿಲ್ಲಿನ ಹಿಂದೆ ಬರೆದುಕೊಂಡರು.

“ಮೂರನೇ ಉಂಗುರದಾಗ ಅಡಗೀ ಮಾಡಾವ ಒಬ್ಬ ಇದ್ದ ನೋಡ್ರಿ ಅಕ್ಕಾರ, ಪೂವಪ್ಪ ಅಂತ,” ಎಂದ ಖಂಡಪ್ಪ. “ಸಿಪಾಯಿಗಳಿಗೆ ಗಂಜಿ ಒಯ್ಯುವಾಗ ಸತ್ತ. ಒಂದ ಸಾಲಿನ್ಯಾಗ ಮುಗಿಸಿಬಿಟ್ಟಾರ ಅವನ್ನ. ನಾ ಆವತ್ತ ರಾತ್ರಿ ಉಣಲಿಲ್ಲ. ಹೇಂತಿ ಕೇಳಿದ್ಲು, ಊರಿಂದ ಕಾಗದ ಬಂತೇನು ಅಂತ. ಏನ ಹೇಳ್ಲಿ?”

ವಾರಿಜಾ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಸಾಂಬಾರು ಖಾರವಾಯಿತೇನೋ ಎಂದು ಸದಾನಂದ ಅಂಗಾರನಿಗೆ ಬೈದ.

ಹನ್ನೊಂದಕ್ಕೆ ಕೂತವರು ಮೂರಕ್ಕೆ ಎದ್ದರು. ಅಷ್ಟರಲ್ಲಿ ವಾರಿಜಾ ಮೂರು ಸಲ ಖಂಡಪ್ಪನ ಪಕ್ಷಕ್ಕೂ ಎರಡು ಸಲ ಸದಾನಂದನ ಪಕ್ಷಕ್ಕೂ ಸೇರಿ, ಒಂದು ಸಲ ಮೇಜು ಗುದ್ದಿದ್ದೂ ಉಂಟು. ಬಸವಂತರಾಯರು ಮೊದಲ ಕಂತಿನಿಂದ ಎಲ್ಲ ಹಳೆಯ ಸಂಚಿಕೆಗಳನ್ನು ಓದಬೇಕೆಂದು ಮನೆಗೆ ಓಡಿದರು.

ಅಣವೀರಪ್ಪ ವಾರಿಜಾರನ್ನು ಸ್ಟೇಶನ್ನಿನವರೆಗೆ ಬಿಡಲು ಹೋದ. ಇಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರು.

“ಮಾರಾಯ್ರೆ,” ಎಂದರು ವಾರಿಜಾ. “ರವಿಕೆ ಹೊಲಿದು ಮುಗಿದ ಮೇಲೆ, ಬೇಜಾರಿಗೆ, ಒಬ್ಬಳೇ ಕೂತು ಬರೀತಿದ್ದೆ. ಅದು ಅಷ್ಟು ದೊಡ್ಡ ಯುದ್ಧ ಅಂತ ನನಗೆ ಗೊತ್ತೇ ಇರ್ಲಿಲ್ಲ.”

“ಬರೀತೀರಲ್ರಿ ಮತ್ತ?”

“ಬುಧವಾರ ಕಂತು ಕಳಿಸ್ತೇನೆ.”

ಅಣವೀರಪ್ಪನಿಗೆ ಹೋದ ಜೀವ ಬಂದಂತಾಯಿತು. ಮುಲುಂಡಿನ ಗಾಡಿ ಬಂದು ನಿಂತಿತು. ಮಹಿಳಾ ಡಬ್ಬಿಯ ಬಾಗಿಲಿಗೆ ಅವರು ಹತ್ತಿದ ಮೇಲೆ, ನಾಲ್ಕು ವರ್ಷದಿಂದ ಒಂದೊಂದೇ ಅಕ್ಷರವಾಗಿ ಓದುತ್ತ ಬಂದವನಿಗೆ ತಡೆಯಲಾಗಲಿಲ್ಲ. ಗಾಡಿಯ ಜೊತೆಗೆ ನಾಲ್ಕು ಹೆಜ್ಜೆ ಓಡಿದ.

“ಅಕ್ಕಾರ, ನನಗೊಬ್ಬನಿಗೆ ಹೇಳ್ರಿ! ಕಡೀಕ ಯುದ್ಧಾ ಗೆಲ್ಲಾವ್ರು ಯಾರು?”

ವಾರಿಜಾ ಬಾಗಿಲ ಕಂಬ ಹಿಡಿದು ಹೊರಗೆ ಬಾಗಿ ಕೂಗಿದರು: “ನನಗೆಂತ ಗೊತ್ತು? ಬರುವ ಆದಿತ್ಯವಾರ ಹೋಟೆಲಿನಲ್ಲಿ ಅವರನ್ನೇ ಕೇಳುವ!”